ಕೆಳಗಿನ ಗಾಂಧಾರ

ಹಾರ್ಮೋನಿಯಮ್ಮಿನ ತಿದಿಯನ್ನು ಇಲಿ ತಿಂದ ವರ್ಷ
ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ
ನಾವು ವಾದ್ಯವಿಲ್ಲದೆ ಹಾಡಲು ಕಲಿತೆವು.
ರಿಪೇರಿಗೆ ಎರಡು ಸಾವಿರ ಅಂದಿದ್ದ ತಿಪಟೂರಿನವನು.
'ಬಿಡಿ, ಗಂಟಲಿಗೆ ಇಲಿ ಹತ್ತೋಲ್ಲ' ಅಂದರು ಫ್ಲೋರಿ ಟೀಚರು.

ಸಲೋಮಿಗೆ ಮೇಲಿನ ಎಳೆ.
ಕೊಬ್ಬರಿ ಮಂಡಿಯ ಲೆಕ್ಕ ಬರೆಯುವ ಕಮಲಾಕ್ಷನಿಗೆ ನಡುವಿನದು.
ಪಾರ್ಸೆಲ್ ಆಫೀಸಿನ ಇನ್ನಾಸಪ್ಪ
ಅವರಿಬ್ಬರ ಮಧ್ಯೆ ಎಲ್ಲಿ ಸಂದಿ ಸಿಕ್ಕರೆ ಅಲ್ಲಿ.
ನನ್ನ ಕಡೆ ತಿರುಗಿ ಟೀಚರು,
'ಹಳಿ ಕಾಯೋನು ನೀನು, ತಳ ನಿನ್ನದೇ.'

ಅವರಿಗೆಲ್ಲ ಸಾಹಿತ್ಯ ಬಂತು: ಹೊಳೆ, ಬೆಳದಿಂಗಳು, ಹಕ್ಕಿಯ ರೆಕ್ಕೆ.
ನನ್ನ ಪಾಲಿಗೆ ಬಂದದ್ದು 'ದೂಂ'.
ಹದಿನಾರು ದೂಂ, ಒಂದು ಉಸಿರು, ಮತ್ತೆ ಹದಿನಾರು.
ಹಾಳೆ ನೋಡಿ ಹೊಂಬಾಳಮ್ಮ ಕೇಳಿದಳು:
'ಇದನ್ನ ಬೇರೆ ಬರಕೊಂಡು ಕಲೀಬೇಕಾ?'

ಕಲಿಯಬೇಕಿತ್ತು.

ಮೊದಲು ಬಾವಿಗಿಳಿಯುವವನ ಹಾಗೆ ಇಳಿದೆ,
ಗದ್ದ ಎದೆಗೊತ್ತಿ, ಕತ್ತಿನ ನರ ಹಗ್ಗ ಮಾಡಿ.
ಮೇಲೆ ಬಂದದ್ದು ಬರೀ ಮರಳು.
'ತೋಡಬೇಡವೋ. ಆಕಳಿಸು.
ಆಕಳಿಕೆಯೊಳಗೆ ಎಷ್ಟು ಜಾಗ ಇದೆ ನೋಡು, ಅಲ್ಲಿ ಕೂತುಕೋ.
ಲಾರಿ ಬಿಡೋ ಮಗುವಿನ ಹಾಗೆ ತುಟಿ ಬುರ್ರ್ ಅನ್ನಿಸಿ
ಸಾ ಇಂದ ಕೆಳಕ್ಕೆ ಜಾರು, ಗೇರು ಬದಲಾಯಿಸದೆ.
ಸದ್ದನ್ನ ನುಂಗಬೇಡ, ಹಲ್ಲಿನ ಹತ್ತಿರ ಇಡು.
ಅವಸರ ಏನಿಲ್ಲ,
ವರ್ಷಕ್ಕೆ ಅರ್ಧ ಸ್ವರ ಇಳಿದರೆ ದೊಡ್ಡದು.'

ಬೆಳಗಿನ ನಾಲ್ಕೂವರೆ, ಮಾತು ಇನ್ನೂ ಏಳದ ಹೊತ್ತು,
ಗಂಟಲಿಗೊಂದು ನೆಲಮಾಳಿಗೆ ಇರುತ್ತದೆ;
ಮೊದಲ ಕಾಫಿಗೆ ಅದರ ಬಾಗಿಲು ಮುಚ್ಚಿಕೊಳ್ಳುತ್ತದೆ.
ಅದಕ್ಕೇ ಬರಿಹೊಟ್ಟೆಯಲ್ಲಿ ಸುತ್ತಿಗೆ ಹೆಗಲಿಗೇರಿಸಿ
ಹಬ್ಬನಘಟ್ಟದ ಕಡೆಗೆ ಗುನುಗುತ್ತ ಹೊರಟೆ.
ಹಳಿಯ ಕೀಲಿಗೊಂದು ಏಟು.
ಬಿಗಿಯಿದ್ದರೆ ಟಣ್. ಸಡಿಲವಿದ್ದರೆ ಲಟ್.
ಹಗಲೆಲ್ಲ ಬಿಗಿಯುವುದೇ ಕಸುಬಾದವನಿಗೆ
ಸಂಜೆ ಗಂಟಲನ್ನು ಸಡಿಲ ಬಿಡು ಅಂದರೆ
ಕೈ ತಾನೇ ಸುತ್ತಿಗೆ ಹುಡುಕುತ್ತದೆ.

ಹಾಡಿನ ಕೊನೆಗೆ, ಎಲ್ಲರೂ ನಿಂತ ಮೇಲೆ
ನಾನೊಬ್ಬನೇ ಇಳಿದು ಮುಟ್ಟಬೇಕಾದ ಒಂದು ಗಾಂಧಾರ.
ನೆಗಡಿಯಾದ ದಿನ ಮಾತ್ರ ಸಿಗುತ್ತಿತ್ತು.
ಕಾರ್ಯಕ್ರಮದ ವಾರ ತಲೆಗೆ ತಣ್ಣೀರು ಹೊಯ್ದುಕೊಂಡೆ,
ಒದ್ದೆ ತಲೆಯಲ್ಲೇ ಹಳಿ ನಡೆದೆ, ಐಸ್‌ಕ್ಯಾಂಡಿ ಚೀಪಿದೆ.
ಹಾಳು ಆರೋಗ್ಯ!
ಒಂದು ಸೀನೂ ಬರಲಿಲ್ಲ.

ರೈಲ್ವೆ ಇನ್‌ಸ್ಟಿಟ್ಯೂಟು, ತಗಡಿನ ಚಾವಣಿ, ಎಪ್ಪತ್ತು ಜನ.
ಸಲೋಮಿ ನಿಂತಳು. ಕಮಲಾಕ್ಷ ನಿಂತ.
ಇನ್ನಾಸಪ್ಪ ಒಂದು ಮಾತ್ರೆ ತಡವಾಗಿ ನಿಂತ.
ಬಾಯಿ ತೆರೆದೆ.
ಗಾಳಿ.
ಆ ಗಳಿಗೆಗೆ ಬೀರೂರು ಕಡೆಯ ಅದಿರಿನ ಗೂಡ್ಸು
ಮೂರನೇ ಲೈನಿಗೆ ಬಂತು, ಐವತ್ತೆಂಟು ವ್ಯಾಗನ್ನು.
ಕುರ್ಚಿಯ ಕಾಲು ನಡುಗಿತು, ನೀರಿನ ಜಗ್ಗು ನಡುಗಿತು,
ಮುಂದಿನ ಸಾಲಿನ ಸ್ಟೇಷನ್ ಮಾಸ್ಟರರ ಪಕ್ಕೆಲುಬೂ.
ಅದೇ ಗಾಂಧಾರ.
ಒಂದು ಕೂದಲೆಳೆ ಇಳಿದಿತ್ತೇನೋ.

ತೆರೆದ ಬಾಯಿ ತೆರೆದೇ ಇಟ್ಟೆ,
ಗಾರ್ಡಿನ ಡಬ್ಬಿ ದಾಟುವವರೆಗೆ.

ಚಪ್ಪಾಳೆ. 'ಬಂತಲ್ಲೋ ಕೊನೆಗೂ!'
ಟೀಚರ ಕನ್ನಡಕ ಒದ್ದೆಯಾಗಿತ್ತು; ಏನು ಹೇಳಲಿ?
ದಾರಿಯಲ್ಲಿ ಹೊಂಬಾಳಮ್ಮ, ಚಪ್ಪಲಿಯ ಕಲ್ಲು ಕೊಡವುತ್ತ:
'ಕೊನೇಲಿ ನಿನ್ನ ಹೊಟ್ಟೆ ಅಲುಗಲೇ ಇಲ್ಲ.'

ಮಾರನೇ ದಿನ ನಾಲ್ಕೂವರೆಗೆ ಅವಳೇ ಎಬ್ಬಿಸಿದಳು.
ಕಾಫಿ ಕಾಯಿಸಿರಲಿಲ್ಲ.
ಸಿಗ್ನಲ್ಲಿನ ಆಚೆ, ಯಾವ ಗಾಡಿಯೂ ಇಲ್ಲದ ಹಳಿಯ ಮೇಲೆ
ಆಕಳಿಸಿದೆ, ಕೂತುಕೊಂಡೆ, ಇಳಿದೆ.
ಮಧ್ಯಮ ಸಿಕ್ಕಿತು.
ಅಲ್ಲಿಂದ ಗಾಂಧಾರಕ್ಕೆ ಅರ್ಧ ಸ್ವರ.
ಬರುವ ವರ್ಷ.